ಬಾಗಿಲು ಕಾಯುವವನನ್ನು ಆರಿಸುವ ಬಗೆ

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆದರೆ ಮುಂಚಿತವಾಗಿಯೇ ಬಾಗಿಲು ಹಾಕಿ, ಕಾವಲಿಗೆ ಆಳನ್ನು ನಿಲ್ಲಿಸಿ, ಅದಕ್ಕಾಗಿ ತಿಂಗಳು ತಿಂಗಳೂ ಹಣವನ್ನು ತೆತ್ತು, ಅನಂತರವೂ ಸೂರೆಹೋದವರ ವಿಷಯವಾಗಿ ಆ ಗಾದೆಯು ಏನನ್ನೂ ಹೇಳುವುದಿಲ್ಲ. ಅಂಥವರೊಬ್ಬರ ಸಂಗತಿಯನ್ನು ವಾಚಕರ ಮುಂದಿಟ್ಟು, ಅದರಿಂದ ನಮ್ಮ ಮನೆಯವರು ಕಲಿತುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಮುಚ್ಚಿದ್ದ ಅಂಗಡಿಯನ್ನೋ ಗಿರಣಿಯನ್ನೋ ಛತ್ರವನ್ನೋ ಮತ್ತೆ ತೆರೆಯಬೇಕೆಂದಿರುವ ಗೃಹಸ್ಥರಿಗೆ ಇದರಿಂದ ಸ್ವಲ್ಪವಾದರೂ ಉಪಯೋಗವಾದೀತೆಂದು ನಂಬಿದ್ದೇನೆ.

ಮೊದಲ ಆಯ್ಕೆ

ನನ್ನ ಸೋದರಮಾವನವರಿಗೆ ಮೈಸೂರಿನಲ್ಲಿ ಒಂದು ಪಾತ್ರೆ ಅಂಗಡಿಯಿದೆ. ಅವರ ತಂದೆಯವರು ಇಟ್ಟದ್ದು. 2020ನೆಯ ಮಾರ್ಚಿ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಆ ಅಂಗಡಿಯೂ ಮುಚ್ಚಿತು. ಇತರರು ಕೆಲವು ತಿಂಗಳಲ್ಲಿಯೇ ತೆರೆದರು. ಮಾವನವರಾದರೋ ಕಾಯಿಲೆಯಿಂದ ಹಾಸಿಗೆ ಹಿಡಿದುದರಿಂದ ಎರಡೂವರೆ ವರ್ಷ ಬೀಗ ಹಾಗೆಯೇ ಇದ್ದಿತು. 2022ರ ವಿಜಯದಶಮಿಯ ದಿನ, ಸ್ವಲ್ಪ ಬ್ಯಾಂಕಿನ ಸಾಲದಿಂದಲೂ ಸ್ವಲ್ಪ ಅತ್ತೆಯವರ ಬಳೆಗಳನ್ನು ಒತ್ತೆಯಿಟ್ಟು ತಂದ ಹಣದಿಂದಲೂ ಹೊಸ ಮಾಲನ್ನು ತುಂಬಿ, ಪೂಜೆ ಮಾಡಿಸಿ, ಬಾಗಿಲು ತೆರೆದರು.

ತಾಮ್ರ ಹಿತ್ತಾಳೆಗಳ ಬೆಲೆ ಎಷ್ಟೆಂಬುದು ಕಳ್ಳರಿಗೂ ತಿಳಿದಿದೆ. ಆದುದರಿಂದ ಕಾವಲು ಬೇಕೆಂದು ನಿಶ್ಚಯವಾಯಿತು. ಇಬ್ಬರು ಏಜೆನ್ಸಿಯವರು ಬಂದರು. ಮೊದಲನೆಯವರು ಕಾಗದ ಪತ್ರಗಳನ್ನು ಹರಡಿಕೊಂಡು, ಪಾಳಿ, ರಜ, ಭವಿಷ್ಯನಿಧಿ ಎಂದು ಏನೇನೋ ಲೆಕ್ಕವನ್ನು ಹೇಳಿ, ಮಾವನವರು ಬೆಚ್ಚುವಂಥ ಮೊತ್ತವನ್ನು ಕೇಳಿದರು. ಎರಡನೆಯವರು ಕಾರಿನಲ್ಲಿ ಬಂದಿಳಿದು, ತಮ್ಮೊಡನೆ ಒಬ್ಬ ಭಾರಿ ಮೀಸೆಯ ಆಳನ್ನು ತಂದು ನಿಲ್ಲಿಸಿದರು. ಅವನ ಉಡುಪು ಸೈನಿಕರ ಉಡುಪಿನಂತೆಯೇ ಇದ್ದಿತು. "ಇಪ್ಪತ್ತನಾಲ್ಕು ಗಂಟೆಯೂ ನಮ್ಮ ಆಳು ಇರುತ್ತಾನೆ, ಸಾಹುಕಾರ್ರೆ, ನೀವು ನಿಶ್ಚಿಂತೆಯಾಗಿ ಮಲಗಿ" ಎಂದು ಅಭಯವನ್ನಿತ್ತು, ಮೊದಲಿನವರು ಕೇಳಿದ್ದರಲ್ಲಿ ಅರ್ಧಕ್ಕೆ ಒಪ್ಪಿಕೊಂಡರು. ಅರ್ಧ ಹಾಳೆಯ ಒಂದು ಕಾಗದಕ್ಕೆ ರುಜುವಾಯಿತು. ಮೀಸೆಯವನು ಮೂರೇ ದಿನ ಬಂದನು. ನಾಲ್ಕನೆಯ ದಿನದಿಂದ ಬೇರೊಬ್ಬನು ಬಂದನು.

ಕಾರ್ತಿಕ ಮಾಸದ ಒಂದು ರಾತ್ರಿ ಅಂಗಡಿಯ ಹಿಂಬದಿಯ ಗವಾಕ್ಷಿಯ ಸರಳುಗಳನ್ನು ಕೊಯ್ದು ಯಾರೋ ಒಳಹೊಕ್ಕರು. ತಾಮ್ರದ ಹಂಡೆ, ಕೊಡ, ತಪ್ಪಲೆಗಳು ಹೋದವು. ಕಾವಲುಗಾರನು ಮುಂಬದಿಯ ಮೆಟ್ಟಿಲಿನ ಮೇಲೆ ಗಾಢನಿದ್ರೆಯಲ್ಲಿದ್ದನು. ಬೆಳಗ್ಗೆ ಪೋಲೀಸರು ಬಂದರು, ಏಜೆನ್ಸಿಯವರೂ ಬಂದರು. "ಈ ಆಳನ್ನು ಈಗಲೇ ಬದಲಾಯಿಸುತ್ತೇನೆ" ಎಂದರು. ನಷ್ಟದ ಮಾತೆತ್ತಿದಾಗ, "ನಾವು ಒದಗಿಸುವುದು ಆಳನ್ನು, ಮಾಲಿಗೆ ನಾವು ಹೊಣೆಯಲ್ಲ" ಎಂದರು. ಅರ್ಧ ಹಾಳೆಯಲ್ಲಿ ಹುಡುಕಿದರೆ ಹೊಣೆಯೆಂಬ ಶಬ್ದವೇ ಇರಲಿಲ್ಲ.

ಆ ಗಲಾಟೆಯಲ್ಲಿ ಕಾವಲುಗಾರನನ್ನು ಮಾತನಾಡಿಸಿದವರು ಅತ್ತೆಯವರು ಒಬ್ಬರೇ. ರಾಯಚೂರಿನ ಕಡೆಯ ನಡುವಯಸ್ಸಿನವನು; ಹೇಳಿಕೆ ಕೊಡುವುದಕ್ಕಾಗಿ ಗೋಡೆಗೊರಗಿ ಕುಳಿತಿದ್ದನು. ಒಂದು ಲೋಟ ಕಾಫಿಯನ್ನು ಅವನ ಮುಂದಿಟ್ಟು, "ಎಚ್ಚರವಾಗಿರಬೇಕಾದವನು ಹೀಗೆ ಮಲಗಬಹುದೇನಪ್ಪ?" ಎಂದು ಕೇಳಿದರು.

"ತಪ್ಪಾತ್ರೀ ಅವ್ವಾರ. ಹಗಲೆಲ್ಲ ಇನ್ನೊಂದು ಕಡಿ ಡ್ಯೂಟಿ ಹಾಕ್ಯಾರ್ರೀ. ಅಲ್ಲಿ ಮುಗಿಸಿ ಇಲ್ಲಿಗಿ ಬರ್ತೀನಿ. ಆಳು ಕಡಿಮಿ ಅದಾರ, ನಾಕು ದಿನ ಸುಧಾರಿಸು ಅಂದ್ರು. ಇವತ್ತಿಗಿ ಹನ್ನೊಂದು ದಿನ ಆತ್ರೀ."

"ಸಂಬಳವಾದರೂ ಬಂದಿದೆಯೆ?"

"ಮದಲನೇ ತಿಂಗಳದ್ದು ಡ್ರೆಸ್ಸಿಗಿ ಅಂತ ಹಿಡಕೊಂಡ್ರು. ಮುಂದಿನದು ಇನ್ನಾ ಕೊಟ್ಟಿಲ್ರೀ."

ಅತ್ತೆಯವರು ಒಳಗೆ ಬಂದು ಮಾವನವರಿಗೆ ಹೇಳಿದ ಮಾತು ಇಷ್ಟೇ: "ಅರ್ಧ ಬೆಲೆಗೆ ನಾವು ಕೊಂಡದ್ದು ಅರ್ಧ ಎಚ್ಚರವನ್ನು. ಮಿಕ್ಕ ಅರ್ಧವನ್ನು ಅವನ ನಿದ್ದೆಯಿಂದ ಕಿತ್ತು ತಂದರು. ಅದು ಎಷ್ಟು ದಿನ ನಡೆದೀತು?"

ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯವಾದ ಮಾತೂ ಅದೇ. ಕಾವಲನ್ನು ಒದಗಿಸುವವರನ್ನು ಆರಿಸುವಾಗ ನೋಡಬೇಕಾದುದು ಆಳಿನ ಮೀಸೆಯನ್ನಲ್ಲ, ಉಡುಪಿನ ಗುಂಡಿಗಳನ್ನಲ್ಲ; ಏಜೆನ್ಸಿಯವರು ತಮ್ಮ ಆಳನ್ನು ಹೇಗೆ ತರಬೇತುಗೊಳಿಸುತ್ತಾರೆ, ಎಷ್ಟು ಹೊತ್ತು ದುಡಿಸುತ್ತಾರೆ, ಅವನಿಗೆ ಏನು ಕೊಡುತ್ತಾರೆ ಎಂಬುದನ್ನು.

ಮುಚ್ಚಿ ತೆರೆದ ಅಂಗಡಿಯ ಅಪಾಯಗಳು

ಎಂದೂ ಮುಚ್ಚದ ಅಂಗಡಿಗಿಂತ ಮುಚ್ಚಿ ತೆರೆದ ಅಂಗಡಿಗೆ ಅಪಾಯವು ಹೆಚ್ಚು. ಏತಕ್ಕೆಂದರೆ, ಬಹುಕಾಲ ಮುಚ್ಚಿದ್ದಾಗ ಅಕ್ಕಪಕ್ಕದವರು ಅತ್ತ ನೋಡುವ ಅಭ್ಯಾಸವನ್ನು ಬಿಟ್ಟಿರುತ್ತಾರೆ. ಹಳೆಯ ಬೀಗದ ಕೈಗಳು ಬಿಟ್ಟುಹೋದ ಕೆಲಸಗಾರರ ಬಳಿ ಉಳಿದಿರಬಹುದು. ಹೊಸ ಕೆಲಸಗಾರರ ಪರಿಚಯವು ಇನ್ನೂ ಆಗಿರುವುದಿಲ್ಲ. ಮಾಲೆಲ್ಲವೂ ಒಂದೇ ಸಲ ಲಾರಿಯಿಂದ ಇಳಿಯುವುದನ್ನು ಬೀದಿಯೆಲ್ಲ ನೋಡಿರುತ್ತದೆ. ಇಲಿ ಕಡಿದ ವಿದ್ಯುತ್ ತಂತಿಗಳು ಗೋಡೆಯ ಹಿಂದೆ ಅಡಗಿರುತ್ತವೆ.

ಆದುದರಿಂದ ಕಾವಲುಗಾರನನ್ನು ಗೊತ್ತುಮಾಡುವುದಕ್ಕೆ ಮುಂಚೆಯೇ ಯಜಮಾನನು ತಾನು ಮಾಡಬೇಕಾದ ಕೆಲಸಗಳು ಕೆಲವುಂಟು. ಎಲ್ಲ ಬೀಗಗಳನ್ನೂ ಬದಲಾಯಿಸಬೇಕು. ಕಟ್ಟಡವನ್ನು ಹಗಲು ಒಂದು ಸಲ, ರಾತ್ರಿ ಒಂದು ಸಲ ಸುತ್ತಿ, ಬಾಗಿಲು, ಕಿಟಕಿ, ಗವಾಕ್ಷಿ, ತಾರಸಿಯ ಮೆಟ್ಟಿಲು, ಪಕ್ಕದ ಮನೆಯ ಗೋಡೆ ಇವೆಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ಹಿಂಬದಿಗೆ ದೀಪವನ್ನು ಹಾಕಿಸಬೇಕು. ತಂತಿಗಳನ್ನು ಬಲ್ಲವರಿಂದ ಪರೀಕ್ಷಿಸಿ, ಬೆಂಕಿಯಾರಿಸುವ ಸಿಲಿಂಡರಿನ ಅವಧಿಯು ಮುಗಿದಿದ್ದರೆ ಮತ್ತೆ ತುಂಬಿಸಬೇಕು. ವಿಮೆಯ ಪಾಲಿಸಿಯನ್ನು ತೆಗೆದು ಓದಬೇಕು. ಕಟ್ಟಡವು ಕೆಲವು ವಾರಗಳಿಗಿಂತ ಹೆಚ್ಚು ಕಾಲ ಬರಿದಾಗಿದ್ದರೆ ವಿಮೆಯು ನಡೆಯದೆಂಬ ನಿಬಂಧನೆಯು ಹಲವು ಪಾಲಿಸಿಗಳಲ್ಲಿರುವುದುಂಟು. ನಮ್ಮ ಮಾವನವರು ಮುಂಬದಿಯ ಶಟರಿಗೆ ಹೊಸ ಬೀಗವನ್ನು ಹಾಕಿಸಿ, ಹಿಂಬದಿಯ ಗವಾಕ್ಷಿಯನ್ನು ಮರೆತಿದ್ದರು. ಕಳ್ಳನು ಮರೆಯಲಿಲ್ಲ.

ಈ ಪಟ್ಟಿಯು ಕೈಯಲ್ಲಿದ್ದರೆ, ನಮಗೆ ಬೇಕಾದುದೇನು, ಹಗಲು ಕಾವಲೋ ರಾತ್ರಿ ಕಾವಲೋ, ಒಬ್ಬನೋ ಇಬ್ಬರೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಇಲ್ಲದಿದ್ದರೆ ಏಜೆನ್ಸಿಯವರು ಏನನ್ನು ಮಾರುತ್ತಾರೋ ಅದನ್ನು ಕೊಳ್ಳಬೇಕಾಗುತ್ತದೆ.

ತಳವಾರನಿಂದ ಏಜೆನ್ಸಿಯವರೆಗೆ

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ತಳವಾರನಿದ್ದನು, ತೋಟಿಯಿದ್ದನು. ಅವರು ಆಯಗಾರರಲ್ಲಿ ಸೇರಿದವರು. ಸುಗ್ಗಿಯ ಕಾಲದಲ್ಲಿ ಕಣದಿಂದಲೇ ಅವರ ಪಾಲು ಅವರಿಗೆ ಸಲ್ಲುತ್ತಿದ್ದಿತು. ತಳವಾರನ ತಂದೆ ಯಾರು, ತಾತ ಯಾರು ಎಂಬುದು ಊರಿಗೆಲ್ಲ ಗೊತ್ತು. ಊರಿನಲ್ಲಿ ಯಾರು ಯಾವ ಹೊತ್ತಿನಲ್ಲಿ ಓಡಾಡುವರೆಂಬುದು ತಳವಾರನಿಗೆ ಗೊತ್ತು. ಈ ಎರಡು ಕಡೆಯ ಪರಿಚಯವೇ ಆ ಕಾವಲಿನ ಬಲವಾಗಿದ್ದಿತು.

ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಗರದ ರಾತ್ರಿ ಕಾವಲಿನ ವಿಚಾರವಿದೆ. ತಡೆಯಬೇಕಾದವರನ್ನು ತಡೆಯದೆ ಬಿಟ್ಟ ಕಾವಲುಗಾರನಿಗೆ ಅಲ್ಲಿ ದಂಡವುಂಟು. ಆಶ್ಚರ್ಯವೇನೆಂದರೆ, ತಡೆಯಬಾರದವರನ್ನು ತಡೆದವನಿಗೂ ಅಷ್ಟೇ ದಂಡ. ಹೆರಿಗೆಯ ನಿಮಿತ್ತವಾಗಿಯೋ, ವೈದ್ಯನಿಗಾಗಿಯೋ, ಸಾವಿನ ನಿಮಿತ್ತವಾಗಿಯೋ, ಬೆಂಕಿ ಬಿದ್ದುದಕ್ಕಾಗಿಯೋ ರಾತ್ರಿಯಲ್ಲಿ ಹೊರಟವರನ್ನು ಹಿಡಿಯಬಾರದೆಂದೂ ಹೇಳಿದೆ. ಕಾವಲೆಂಬುದು ಕೇವಲ ದೇಹಬಲದ ಕೆಲಸವಲ್ಲ, ವಿವೇಚನೆಯ ಕೆಲಸವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಈಗಿನ ಪಟ್ಟಣಗಳಲ್ಲಿ ತಳವಾರನಿಲ್ಲ. ಕಾಯುವವನು ದೂರದೂರಿನಿಂದ ಬಂದವನು. ನಮಗೆ ಅವನ ಪರಿಚಯವಿಲ್ಲ, ಅವನಿಗೆ ನಮ್ಮ ಬೀದಿಯ ಪರಿಚಯವಿಲ್ಲ. ಆ ಪರಿಚಯದ ಸ್ಥಾನದಲ್ಲಿ ಕಾಯಿದೆಯು ಕೆಲವು ಕಾಗದಗಳನ್ನು ಇಟ್ಟಿದೆ. ಅವನ್ನು ಕೇಳಿ ನೋಡುವುದು ಸಂಕೋಚದ ವಿಷಯವಲ್ಲ; ಗೃಹಸ್ಥನ ಕರ್ತವ್ಯ.

ಕಾಯಿದೆಯು ಹೇಳುವುದೇನು?

ಖಾಸಗಿ ಭದ್ರತಾ ಏಜೆನ್ಸಿಗಳ ವಿಷಯವಾಗಿ ಭಾರತದ ಪಾರ್ಲಿಮೆಂಟು 2005ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಅದರ ಪ್ರಕಾರ ರಾಜ್ಯದ ನಿಯಂತ್ರಣಾಧಿಕಾರಿಗಳಿಂದ ಲೈಸೆನ್ಸನ್ನು ಪಡೆಯದೆ ಯಾರೂ ಕಾವಲುಗಾರರನ್ನು ಒದಗಿಸುವ ವ್ಯಾಪಾರವನ್ನು ನಡೆಸಕೂಡದು. ನಡೆಸಿದರೆ ಒಂದು ವರ್ಷದವರೆಗೆ ಸೆರೆಮನೆ, ಇಲ್ಲವೆ 25,000 ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ಉಂಟು. ಲೈಸೆನ್ಸಿನ ಅವಧಿಯು ಐದು ವರ್ಷ; ಅದನ್ನು ಏಜೆನ್ಸಿಯವರು ತಮ್ಮ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಆದುದರಿಂದ ಮೊದಲನೆಯ ಕೆಲಸವೆಂದರೆ, ಅವರು ನಮ್ಮಲ್ಲಿಗೆ ಬರುವುದಲ್ಲ, ನಾವು ಅವರ ಕಚೇರಿಗೆ ಹೋಗುವುದು. ಗೋಡೆಯ ಮೇಲಿನ ಲೈಸೆನ್ಸಿನಲ್ಲಿ ಹೆಸರು ಯಾವುದು, ಅವಧಿಯು ಎಂದಿಗೆ ಮುಗಿಯುತ್ತದೆ ಎಂಬುದನ್ನು ಓದಬೇಕು. ನಮ್ಮ ಮಾವನವರು ಕಳವಿನ ಅನಂತರ ಹೋಗಿ ನೋಡಿದಾಗ ಅಲ್ಲಿ ದೇವರ ಪಟಗಳಿದ್ದವೇ ಹೊರತು ಲೈಸೆನ್ಸು ಇರಲಿಲ್ಲ.

ಕಾವಲುಗಾರನಾಗತಕ್ಕವನ ವಯಸ್ಸು 18ಕ್ಕೆ ಕಡಮೆಯೂ 65ಕ್ಕೆ ಹೆಚ್ಚೂ ಆಗಿರಕೂಡದು. ಅವನ ನಡತೆ ಮತ್ತು ಪೂರ್ವವೃತ್ತಾಂತವನ್ನು ವಿಚಾರಿಸಿ ತೃಪ್ತಿಯಾಗಿರಬೇಕು. ಅವನು ತರಬೇತನ್ನು ಮುಗಿಸಿರಬೇಕು. ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಧರಿಸಿರಬೇಕು. ಏಜೆನ್ಸಿಯವರು ತಮ್ಮ ಆಳುಗಳ ಹೆಸರು, ವಿಳಾಸ, ಭಾವಚಿತ್ರ, ಸಂಬಳಗಳನ್ನು ಬರೆದ ಪುಸ್ತಕವನ್ನು ಇಟ್ಟಿರಬೇಕು. ಕೇಂದ್ರ ಸರ್ಕಾರದವರು 2006ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲಿ ತರಬೇತಿನ ಅವಧಿಯನ್ನೂ ಹೇಳಿದೆ: 100 ಗಂಟೆಗಳ ಪಾಠ, 60 ಗಂಟೆಗಳ ಬಯಲಿನ ಅಭ್ಯಾಸ, ಒಟ್ಟು 20 ಕೆಲಸದ ದಿನಗಳಿಗೆ ಕಡಮೆಯಿಲ್ಲದಂತೆ. ಸೈನ್ಯದಲ್ಲಿಯೋ ಪೋಲೀಸಿನಲ್ಲಿಯೋ ಇದ್ದು ಬಂದವರಿಗೆ 40 ಗಂಟೆಗಳ ಪಾಠವೂ 16 ಗಂಟೆಗಳ ಅಭ್ಯಾಸವೂ ಸಾಕು. ಬೆಂಕಿಯನ್ನಾರಿಸುವುದು, ಜನಸಂದಣಿಯನ್ನು ನಿಭಾಯಿಸುವುದು, ಗುರುತಿನ ಕಾಗದಗಳನ್ನು ಪರೀಕ್ಷಿಸುವುದು, ಪ್ರಥಮ ಚಿಕಿತ್ಸೆ, ಪೋಲೀಸರಿಗೆ ದೂರು ಕೊಡುವ ಕ್ರಮ ಇವೆಲ್ಲವೂ ಆ ಪಾಠದಲ್ಲಿ ಸೇರಿವೆ. ಒಂದು ಕಿಲೋಮೀಟರನ್ನು ಆರು ನಿಮಿಷಗಳಲ್ಲಿ ಓಡಬಲ್ಲವನಾಗಿರಬೇಕೆಂದೂ ಇದೆ. ನಮ್ಮಲ್ಲಿಗೆ ಬರುವ ಆಳಿನ ತರಬೇತಿನ ಪತ್ರವನ್ನು ಕೇಳಿ ನೋಡುವುದಲ್ಲದೆ, ಸಿಲಿಂಡರನ್ನು ಅವನ ಕೈಗೆ ಕೊಟ್ಟು "ಇದನ್ನು ಹೇಗೆ ಹಿಡಿಯುತ್ತೀಯಪ್ಪ?" ಎಂದು ಕೇಳಿದರೆ, ಪತ್ರವು ನಿಜವೋ ಸುಳ್ಳೋ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೇಲ್ವಿಚಾರಣೆಯ ಮಾತೂ ಅದೇ ನಿಯಮಗಳಲ್ಲಿದೆ. ಹದಿನೈದು ಕಾವಲುಗಾರರಿಗೆ ಒಬ್ಬ ಮೇಲ್ವಿಚಾರಕನಾದರೂ ಇರಬೇಕು. ಆಳುಗಳು ಬೇರೆ ಬೇರೆ ಸ್ಥಳಗಳಲ್ಲಿ ಚದರಿದ್ದು ಒಬ್ಬನಿಂದ ನೋಡಿಕೊಳ್ಳಲಾಗದಿದ್ದರೆ ಆರು ಜನರಿಗೆ ಒಬ್ಬನಿರಬೇಕು. ಆದುದರಿಂದ "ರಾತ್ರಿ ಬಂದು ನೋಡುವವರು ಯಾರು, ವಾರಕ್ಕೆ ಎಷ್ಟು ಸಲ?" ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ಉಡುಪಿನ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಸೈನ್ಯದವರ ಅಥವಾ ಪೋಲೀಸರ ಉಡುಪನ್ನಾಗಲಿ, ಅದರಂತೆ ತೋರುವ ಉಡುಪನ್ನಾಗಲಿ ಖಾಸಗಿ ಕಾವಲುಗಾರನಿಗೆ ತೊಡಿಸುವುದು ಅದೇ ಕಾಯಿದೆಯ ಪ್ರಕಾರ ಅಪರಾಧ. ಮಾವನವರನ್ನು ಬೆರಗುಗೊಳಿಸಿದ ಆ ಉಡುಪೇ ಆ ಏಜೆನ್ಸಿಯವರ ಮೇಲಣ ಮೊದಲ ಸಾಕ್ಷಿಯಾಗಿದ್ದಿತು. ಓದಲು ಬಲ್ಲವರಿರಲಿಲ್ಲ, ಅಷ್ಟೆ.

ಇನ್ನೊಂದು ಮಾತು. ಕಾವಲುಗಾರನಿಗೆ ಪೋಲೀಸಿನ ಅಧಿಕಾರವಿಲ್ಲ. ಜಾಮೀನಿಲ್ಲದ ಗುರುತರವಾದ ಅಪರಾಧವನ್ನು ತನ್ನ ಕಣ್ಣೆದುರಿಗೆ ಮಾಡಿದವನನ್ನು ಯಾವ ನಾಗರಿಕನಾದರೂ ಹಿಡಿದು ಪೋಲೀಸರಿಗೆ ಒಪ್ಪಿಸಬಹುದು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಹಾಗೆ ಹಿಡಿದವನನ್ನು ಅನಾವಶ್ಯಕವಾಗಿ ತಡಮಾಡದೆ, ಆರು ಗಂಟೆಗಳೊಳಗಾಗಿ ಒಪ್ಪಿಸಬೇಕೆಂದಿದೆ. ಕಾವಲುಗಾರನಿಗಿರುವುದು ಅಷ್ಟೇ ಹಕ್ಕು. ಗಿರಾಕಿಗಳ ಮೈಮೇಲೆ ಕೈಮಾಡುವುದು, ಸಂಶಯದಿಂದ ಯಾರನ್ನಾದರೂ ಕೋಣೆಯಲ್ಲಿ ಕೂಡಿಹಾಕುವುದು, ಹೆಂಗಸರ ಚೀಲವನ್ನು ಬಲವಂತದಿಂದ ಸೋದಿಸುವುದು ಇವಾವುವೂ ಸಲ್ಲವು. "ನಮ್ಮ ಹುಡುಗರು ಎರಡೇಟು ಹಾಕಿ ಬಿಡುತ್ತಾರೆ" ಎಂದು ಹೆಚ್ಚಳಪಡುವ ಏಜೆನ್ಸಿಯವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದು ಮೇಲು. ಆ ಏಟಿನ ಮೊಕದ್ದಮೆಯು ಅಂಗಡಿಯ ಹೆಸರಿಗೇ ಬರುತ್ತದೆ.

ಲೆಕ್ಕದ ಮಾತು

ಈಗ ಗೃಹಿಣಿಯರು ಸುಲಭವಾಗಿ ಮಾಡಬಲ್ಲ ಒಂದು ಲೆಕ್ಕವನ್ನು ಹೇಳುತ್ತೇನೆ. ವಾರಕ್ಕೆ 168 ಗಂಟೆಗಳು. ದಿನಕ್ಕೆ ಎಂಟು ಗಂಟೆಯಂತೆ ಆರು ದಿನ ದುಡಿದರೆ ಒಬ್ಬನಿಗೆ 48 ಗಂಟೆಗಳಾಗುತ್ತವೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಎಂದರೆ, ಒಂದು ಬಾಗಿಲಿನಲ್ಲಿ ಹಗಲೂ ರಾತ್ರಿಯೂ ಒಬ್ಬ ಮನುಷ್ಯನು ನಿಂತಿರಬೇಕಾದರೆ ಮೂರೂವರೆ ಮನುಷ್ಯರ ಸಂಬಳವು ಬೇಕು. ಇಬ್ಬರನ್ನೇ ಇಟ್ಟು ರಜವಿಲ್ಲದೆ ದುಡಿಸಿದರೆ ಒಬ್ಬೊಬ್ಬನ ಪಾಲಿಗೆ ವಾರಕ್ಕೆ 84 ಗಂಟೆ. ಒಬ್ಬನು ಓಡಿಹೋದರೆ? ಉಳಿದವನ ಗತಿಯೇನೆಂಬುದನ್ನು ಮೇಲೆ ನೋಡಿದೆವು.

ಇನ್ನು ಹಣದ ಲೆಕ್ಕ. ಸರ್ಕಾರವು ಗೊತ್ತುಮಾಡಿರುವ ಕನಿಷ್ಠ ವೇತನವನ್ನು ನೂರು ರೂಪಾಯಿ ಎಂದಿಟ್ಟುಕೊಳ್ಳೋಣ. ಅದರ ಮೇಲೆ ನಿಯಮಗಳ ಮಿತಿಗೊಳಪಟ್ಟು, ಭವಿಷ್ಯನಿಧಿಗೆ ಯಜಮಾನನ ಪಾಲು 12, ಅದರ ವಿಮೆ ಮತ್ತು ಆಡಳಿತಕ್ಕೆ 1, ರಾಜ್ಯ ವಿಮೆಗೆ, ಎಂದರೆ ಜನರು ಇ.ಎಸ್.ಐ. ಎನ್ನುವುದಕ್ಕೆ, 3.25, ಕನಿಷ್ಠ ಬೋನಸ್ಸು 8.33. ಒಟ್ಟು 124 ರೂಪಾಯಿ 58 ಪೈಸೆ. ಉಡುಪು, ರಜದ ಸಂಬಳ, ಮೇಲ್ವಿಚಾರಕನ ಖರ್ಚು, ಏಜೆನ್ಸಿಯವರ ಲಾಭ, ಸರ್ಕಾರದ ತೆರಿಗೆ ಇವು ಇನ್ನೂ ಸೇರಿಲ್ಲ. ಹೀಗಿರುವಲ್ಲಿ ಒಬ್ಬರು 110 ರೂಪಾಯಿಗೆ ಆಳನ್ನು ಕೊಡುತ್ತೇನೆಂದರೆ, ಅವರು ಯಾರಿಂದಲೋ ಕದಿಯುತ್ತಿದ್ದಾರೆಂದೇ ಅರ್ಥ. ಕದಿಯುವುದಕ್ಕೆ ಕಾವಲುಗಾರನಿಗಿಂತ ಸುಲಭವಾಗಿ ಸಿಕ್ಕುವವರು ಇನ್ನಾರು? ಕಳ್ಳರಿಂದ ಮಾಲನ್ನು ಕಾಪಾಡಿಕೊಳ್ಳುವುದಕ್ಕಾಗಿ ನಾವು ಮತ್ತೊಂದು ಕಳವಿಗೆ ಪಾಲುದಾರರಾದಂತಾಯಿತು.

ಇದು ಬರಿಯ ನೀತಿಯ ಮಾತಲ್ಲ. ಗುತ್ತಿಗೆದಾರನು ಕೂಲಿಯನ್ನು ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡವರೇ ಅದನ್ನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲುಮಾಡಿಕೊಳ್ಳಬೇಕೆಂಬ ತತ್ತ್ವವನ್ನು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು ದೊಡ್ಡ ಸಂಸ್ಥೆಗಳಿಗೆ ವಿಧಿಸಿತ್ತು. ಅದರ ಬದಲಿಗೆ ಬಂದ 2020ರ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದುದರಿಂದ ಏಜೆನ್ಸಿಯವರು ಹೇಳುವ ಒಟ್ಟು ಮೊತ್ತವನ್ನು ಒಪ್ಪಬೇಡಿರಿ. ಬಿಡಿಬಿಡಿಯಾಗಿ ಬರೆದುಕೊಡುವಂತೆ ಕೇಳಿರಿ. ಹಿಂದಿನ ತಿಂಗಳ ಭವಿಷ್ಯನಿಧಿಯ ಮತ್ತು ಇ.ಎಸ್.ಐ.ಯ ರಸೀದಿಗಳನ್ನು ಪ್ರತಿ ತಿಂಗಳ ಬಿಲ್ಲಿನೊಡನೆ ಲಗತ್ತಿಸಬೇಕೆಂದು ಹೇಳಿರಿ. ನೆಟ್ಟಗಿರುವವರು ಇದಕ್ಕೆ ಸಂತೋಷದಿಂದ ಒಪ್ಪುತ್ತಾರೆ.

ಖರ್ಚು ಹೆಚ್ಚಾಯಿತೆಂದು ತೋರಿದರೆ ಗಂಟೆಗಳನ್ನು ಕಡಮೆಮಾಡಬೇಕೇ ಹೊರತು ಕೂಲಿಯನ್ನಲ್ಲ. ಹಗಲಿನಲ್ಲಿ ಅಂಗಡಿಯ ಜನರೇ ಇರುವುದರಿಂದ ಮಾವನವರು ಎರಡನೆಯ ಸಲ ರಾತ್ರಿ ಒಂಬತ್ತರಿಂದ ಬೆಳಗ್ಗೆ ಒಂಬತ್ತರವರೆಗೆ ಮಾತ್ರ ಕಾವಲನ್ನಿಟ್ಟರು. ರಾತ್ರಿಯನ್ನು ಇಬ್ಬರಿಗೆ ಹಂಚಿ, ವಾರದ ರಜಕ್ಕೆ ಬದಲಾಳನ್ನು ಗೊತ್ತುಮಾಡಿಸಿದರು. ಉಳಿದ ಹಣದಲ್ಲಿ ಹಿಂಬದಿಗೆ ಕಬ್ಬಿಣದ ಜಾಲರಿಯನ್ನೂ ಒಂದು ಕ್ಯಾಮೆರಾವನ್ನೂ ಹಾಕಿಸಿದರು. ಕ್ಯಾಮೆರಾ ಒಂದೇ ಸಾಕೆಂದು ಹೇಳುವವರುಂಟು. 2013ನೆಯ ನವೆಂಬರಿನಲ್ಲಿ ಬೆಂಗಳೂರಿನ ಎ.ಟಿ.ಎಂ. ಕೋಣೆಯೊಂದರಲ್ಲಿ ಒಬ್ಬ ಮಹಿಳೆಯ ಮೇಲೆ ನಡೆದ ಹಲ್ಲೆಯನ್ನು ಕ್ಯಾಮೆರಾ ಮೊದಲಿನಿಂದ ಕೊನೆಯವರೆಗೆ ಚಿತ್ರಿಸಿತು. ಶಟರನ್ನು ಎಳೆದುಕೊಂಡವನನ್ನು ತಡೆಯಲು ಅಲ್ಲಿ ಮನುಷ್ಯರಾರೂ ಇರಲಿಲ್ಲ. ಯಂತ್ರವು ನೋಡುತ್ತದೆ, ಮನುಷ್ಯನು ಬೇಕಾದುದು ಅನಂತರ.

ನೋಡಿ, ಕೇಳಿ, ಬರೆಯಿಸಿ

ಒಪ್ಪಂದಕ್ಕೆ ಮುಂಚೆ, ಅದೇ ಏಜೆನ್ಸಿಯವರು ಕಾಯುತ್ತಿರುವ ಬೇರೆ ಎರಡು ಸ್ಥಳಗಳನ್ನು ಹೋಗಿ ನೋಡಬೇಕು. ಹಗಲಿನಲ್ಲಲ್ಲ, ರಾತ್ರಿ ಎರಡು ಗಂಟೆಗೆ. ಆಗ ಎಚ್ಚರವಾಗಿರುವವನನ್ನು ಕಂಡರೆ, "ಎಷ್ಟು ದಿನದಿಂದ ಇಲ್ಲಿದ್ದೀಯಪ್ಪ? ಸಂಬಳವು ಎಷ್ಟನೆಯ ತಾರೀಖಿಗೆ ಬರುತ್ತದೆ?" ಎಂದು ಎರಡು ಮಾತು ಕೇಳಿದರೆ ಸಾಕು. ಒಂದೇ ಸ್ಥಳದಲ್ಲಿ ವರ್ಷಗಟ್ಟಲೆ ಉಳಿದ ಆಳುಗಳಿರುವ ಏಜೆನ್ಸಿಯು ಒಳ್ಳೆಯದೆಂದು ತಿಳಿಯಬಹುದು. ತಿಂಗಳಿಗೊಬ್ಬನು ಬದಲಾಗುವಲ್ಲಿ ಏನೋ ಕೊರತೆಯುಂಟು.

ಕರಾರುಪತ್ರದಲ್ಲಿ ಬರೆಯಿಸಬೇಕಾದ ಅಂಶಗಳು ಇವು: ಪಾಳಿಯ ಗಂಟೆಗಳು, ಬದಲಾಳು ಬರುವವರೆಗೆ ಮೊದಲಿನವನು ಬಾಗಿಲು ಬಿಡತಕ್ಕದ್ದಲ್ಲವೆಂಬುದು, ಬದಲಾಳು ಬರಬೇಕಾದ ಕಾಲದ ಮಿತಿ, ನಮಗೆ ತಿಳಿಸದೆ ಆಳನ್ನು ಬದಲಾಯಿಸಕೂಡದೆಂಬುದು, ಪ್ರತಿಯೊಬ್ಬನ ಪೂರ್ವವೃತ್ತಾಂತದ ಪತ್ರದ ನಕಲು, ಆಳಿನ ಅಲಕ್ಷ್ಯದಿಂದ ನಷ್ಟವಾದರೆ ಏಜೆನ್ಸಿಯವರ ಹೊಣೆ ಎಷ್ಟು, ಅದಕ್ಕೆ ಅವರು ವಿಮೆಯನ್ನು ಮಾಡಿರುವರೆ ಎಂಬುದು, ಒಪ್ಪಂದವನ್ನು ಮುರಿಯಲು ಕೊಡಬೇಕಾದ ನೋಟೀಸಿನ ಅವಧಿ. ಒಳಗಿನ ಬೀಗದ ಕೈ ಕಾವಲುಗಾರನ ಬಳಿ ಇರಕೂಡದು. ಇದು ಅವನ ಮೇಲಣ ಅಪನಂಬಿಕೆಯಿಂದಲ್ಲ, ಅವನನ್ನು ಅಪವಾದದಿಂದ ಉಳಿಸುವುದಕ್ಕಾಗಿ. ಬಾಗಿಲಿನಲ್ಲಿ ಒಂದು ಪುಸ್ತಕವನ್ನಿಟ್ಟು, ಬಂದವರು ಹೋದವರು, ಗಸ್ತು ತಿರುಗಿದ ವೇಳೆ, ಕಂಡ ವಿಶೇಷ ಇವನ್ನು ಬರೆಯಿಸಬೇಕು. ಆ ಪುಸ್ತಕವನ್ನು ಯಜಮಾನನು ಪ್ರತಿದಿನವೂ ಓದಿ ರುಜುಹಾಕಬೇಕು. ಓದುವವರಿಲ್ಲದ ಪುಸ್ತಕವನ್ನು ಯಾರೂ ಬರೆಯುವುದಿಲ್ಲ.

ಕಾವಲುಗಾರನ ಕಡೆಯಿಂದ

ಏಜೆನ್ಸಿಯವರನ್ನು ಎಷ್ಟು ಚೆನ್ನಾಗಿ ಆರಿಸಿದರೂ ನಾವು ನಮ್ಮ ಪಾಲನ್ನು ಸಲ್ಲಿಸದಿದ್ದರೆ ಪ್ರಯೋಜನವಿಲ್ಲ. ಕಾವಲುಗಾರನಿಗೆ ಕುಳಿತುಕೊಳ್ಳಲು ಆಸನ, ಮಳೆಗೆ ಮರೆ, ಕುಡಿಯಲು ನೀರು, ಉಪಯೋಗಿಸಲು ಶೌಚಗೃಹ, ಓದಲು ಸಾಕಾಗುವಷ್ಟು ಬೆಳಕು ಇರಲೇಬೇಕು. ಯಜಮಾನರ, ಪೋಲೀಸ್ ಠಾಣೆಯ, ಅಗ್ನಿಶಾಮಕ ದಳದ ದೂರವಾಣಿ ಸಂಖ್ಯೆಗಳನ್ನು ದಪ್ಪ ಅಕ್ಷರಗಳಲ್ಲಿ ಗೋಡೆಗೆ ಅಂಟಿಸಿರಬೇಕು. ಅವನಿಂದ ತರಕಾರಿ ತರಿಸುವುದು, ಗಾಡಿ ತೊಳೆಯಿಸುವುದು, ಮಗುವನ್ನು ಶಾಲೆಯಿಂದ ಕರೆತರಿಸುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಅವನು ಅತ್ತ ಹೋದ ಹತ್ತು ನಿಮಿಷ ಬಾಗಿಲು ಬರಿದಾಗಿರುತ್ತದೆಂಬುದು ನಮಗೆ ಹೊಳೆಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅವನ ಹೆಸರನ್ನು ತಿಳಿದಿರಬೇಕು. "ಏ ಸೆಕ್ಯೂರಿಟಿ" ಎಂದು ಕೂಗಿಸಿಕೊಂಡವನಿಗೂ, ಹೆಸರು ಹಿಡಿದು ಕರೆಯಿಸಿಕೊಂಡವನಿಗೂ ರಾತ್ರಿಯ ಮೂರನೆಯ ಜಾವದಲ್ಲಿ ವ್ಯತ್ಯಾಸವು ಕಾಣುತ್ತದೆ.

ರಾಯಚೂರಿನ ಕಡೆಯ ಆ ಮನುಷ್ಯನ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಪೋಲೀಸರ ವಿಚಾರಣೆಯಲ್ಲಿ ಅವನ ಮೇಲೆ ಯಾವ ಸಂಶಯವೂ ಉಳಿಯಲಿಲ್ಲ. ಏಜೆನ್ಸಿಯವರಿಗೆ ಸಲ್ಲಬೇಕಾಗಿದ್ದ ಕೊನೆಯ ತಿಂಗಳ ಹಣವನ್ನು ಮಾವನವರು ತಡೆಹಿಡಿದರು. ಅತ್ತೆಯವರ ಹಟದಿಂದ, ಅದರಲ್ಲಿ ಅವನ ಬಾಕಿ ಸಂಬಳವನ್ನು ಅವನ ಕೈಗೇ ಕೊಟ್ಟು ರಸೀದಿಯನ್ನು ಬರೆಯಿಸಿಕೊಂಡರು. "ಕಳವಾದುದು ನಮ್ಮದು, ಇವನಿಗೇಕೆ ಕೊಡಬೇಕು?" ಎಂದು ಬಂಧುಗಳು ಆಡಿಕೊಂಡದ್ದೂ ಉಂಟು. ಅವನು ಊರಿಗೆ ಹೊರಟುಹೋದನು. ಮುಂದಿನ ಸಮಾಚಾರವು ತಿಳಿಯದು. ಹೋದ ತಾಮ್ರವು ಹಿಂದಿರುಗಲಿಲ್ಲ. ಅತ್ತೆಯವರ ಬಳೆಗಳು ಒತ್ತೆಯಿಂದ ಬಿಡುಗಡೆಯಾಗಲು ನಿಶ್ಚಯಿಸಿದ್ದುದಕ್ಕಿಂತ ಒಂದು ವರ್ಷ ಹೆಚ್ಚು ಹಿಡಿಯಿತು.

ಮಾವನವರು ಎರಡನೆಯ ಸಲ ಹೋದುದು, ಮೊದಲು ಬೇಡವೆಂದು ಕಳುಹಿಸಿದ್ದ, ಕಾಗದ ಪತ್ರಗಳನ್ನು ಹರಡಿದ್ದ ಏಜೆನ್ಸಿಯವರ ಬಳಿಗೆ. ಅವರು ಕಳುಹಿಸಿದವನಿಗೆ ಮೀಸೆಯೇ ಇಲ್ಲ. ಅವನು ಬಂದ ಹೊಸದರಲ್ಲಿ, ಬೆಂಗಳೂರಿನಿಂದ ರಾತ್ರಿ ಹನ್ನೊಂದು ಗಂಟೆಗೆ ಬಂದ ಮಾವನವರ ಮಗನು, ಅಂಗಡಿಯಲ್ಲಿಟ್ಟಿದ್ದ ಯಾವುದೋ ಕಾಗದವು ಬೇಕೆಂದು ಬೀಗದ ಕೈ ಹಿಡಿದು ನೇರವಾಗಿ ಅಲ್ಲಿಗೆ ಹೋದನು. ಕಾವಲುಗಾರನು ತಡೆದನು. "ನಾನು ಯಜಮಾನರ ಮಗ" ಎಂದರೆ, "ಇರಬಹುದು ಸ್ವಾಮಿ, ಆದರೆ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲ, ಒಂದು ನಿಮಿಷ ತಾಳಿ" ಎಂದು ಮಾವನವರಿಗೆ ಫೋನು ಮಾಡಿದನು. ಮಗನು ಮನೆಗೆ ಬಂದು ಬಹಳವಾಗಿ ಸಿಡಿಮಿಡಿಗೊಂಡನು. ಮಾವನವರು ನಕ್ಕು, "ಇವತ್ತು ನನಗೆ ನಿದ್ದೆ ಬರುತ್ತದಪ್ಪ" ಎಂದು ದೀಪವನ್ನಾರಿಸಿ ಮಲಗಿದರು.